ಹಿಂದಿನ ಗಾಲಿಯ ಸುದ್ದಿ

ಅಮೆರಿಕದಲ್ಲಿ ಸಂಸಾರಸಮೇತ ಪ್ರವಾಸ ಹೊರಡುವವರು ಕಾರಿನ ಹಿಂದೆ ಪುಟ್ಟ ಮನೆಯೊಂದನ್ನೇ ಕಟ್ಟಿಕೊಂಡು ಹೋಗುವುದುಂಟು. ಅದೇ ಟ್ರಾವೆಲ್ ಟ್ರೇಲರ್. ಕಾರಿನ ಟೈರಿನಲ್ಲಿ ಗಾಳಿ ಇಳಿದರೆ ಸ್ಟಿಯರಿಂಗ್ ಹಿಡಿದ ಕೈಗೆ ತಿಳಿದೀತು. ಹಿಂದಿನ ಮನೆಯದು ತಿಳಿಯುವುದು ಕಷ್ಟ. ಗಾಳಿ ಕಡಮೆಯಾದ ಟೈರು ಬಾಗಿ ಬಾಗಿ ಕಾಯುತ್ತದೆ, ಕೊನೆಗೆ ಸಿಡಿಯಲೂಬಹುದು.

2007ರ ಸೆಪ್ಟೆಂಬರಿನಿಂದ ಅಲ್ಲಿ ಹೊಸ ಕಾರುಗಳಿಗೆ ಒತ್ತಡಸೂಚಕ ಕಡ್ಡಾಯವಾಯಿತು. ಆ ನಿಯಮ ಟ್ರೇಲರಿಗೆ ಅನ್ವಯಿಸಲಿಲ್ಲ. ಆದುದರಿಂದ ಅನೇಕರು ತಾವೇ ಕೊಂಡು ಹಾಕಿಕೊಳ್ಳುತ್ತಾರೆ. ವಾಲ್ವಿನ ಮುಚ್ಚಳದ ಜಾಗದಲ್ಲಿ ತಿರುಗಿಸಿ ಕೂರಿಸುವ ಸಣ್ಣ ಬಿಲ್ಲೆಯು ಒತ್ತಡವನ್ನೂ ಶಾಖವನ್ನೂ ಅಳೆದು, ರೇಡಿಯೋ ಅಲೆಗಳ ಮೂಲಕ ಚಾಲಕನ ಮುಂದಿನ ಪರದೆಗೆ ತಿಳಿಸುತ್ತದೆ.

ಗಾಳಿಯನ್ನು ಹೊರಡುವ ಮುನ್ನ, ಟೈರು ತಣ್ಣಗಿರುವಾಗಲೇ ತುಂಬತಕ್ಕದ್ದು. ಓಡುವಾಗ ಒತ್ತಡ ಏರುವುದು ಸಹಜ. ಹೆದರಿ ಗಾಳಿ ಬಿಡಬಾರದು. ಅಲ್ಲಿರುವ ಮಕ್ಕಳೊಡನೆ ಇಂಥ ಪ್ರಯಾಣ ಹೊರಡುವ ಹಿರಿಯರು, “ಹಿಂದಿನ ಗಾಲಿಗಳನ್ನು ನೋಡಿದಿರಾ?” ಎಂದು ಒಮ್ಮೆ ಕೇಳಿದರೆ ಒಳ್ಳೆಯದು.