ಪಂಪು ಓಡ್ತದೆ, ನೀರು ಬರುವುದಿಲ್ಲ: ಹೊಸ ಪಂಪು ತರುವ ಮೊದಲು ಇಷ್ಟು ನೋಡಿ

ಪುತ್ತೂರು: ಮಾರ್ಚ್ ಕಳೆಯಿತೆಂದರೆ ನಮ್ಮ ಕಡೆ ಬಾವಿ ಇರುವ ಮನೆಗಳಲ್ಲಿ ಒಂದೇ ಮಾತು, "ಪಂಪು ಓಡ್ತಾ ಉಂಟು, ನೀರು ಮಾತ್ರ ಬರ್ತಿಲ್ಲ." ಮಳೆಗಾಲದಲ್ಲಿ ಬೇಗ ತುಂಬುತ್ತಿದ್ದ ಟ್ಯಾಂಕಿಗೆ ಈಗ ಎರಡು ಪಟ್ಟು ಹೊತ್ತು ಬೇಕು. ಮಾಳಿಗೆಯ ಶವರ್‌ನಲ್ಲಿ ನೂಲಿನ ಹಾಗೆ ನೀರು. ಆಗ ಹೆಚ್ಚಿನವರಿಗೆ ಹೊಳೆಯುವುದು ಜಾಸ್ತಿ ಎಚ್‌ಪಿಯ ಹೊಸ ಪಂಪು. ಸಾವಿರಾರು ರೂಪಾಯಿ ಹಾಕಿ ಪಂಪು ಬದಲಿಸಿದ ಮೇಲೂ ನೀರು ಅಷ್ಟೇ ಬಂದರೆ? ಹಾಗಾಗಿ ತೊಂದರೆ ಇರುವುದೆಲ್ಲಿ ಎಂದು ಮೊದಲು ಪತ್ತೆ ಮಾಡಿ.

ಟ್ಯಾಂಕಿಯ ಕಡೆಯೋ, ಬಾವಿಯ ಕಡೆಯೋ?

ಟ್ಯಾಂಕಿ ತುಂಬಿದ್ದೂ ನಲ್ಲಿಯಲ್ಲಿ ನೀರು ಸಣ್ಣಗಾಗಿದ್ದರೆ ಪಂಪಿನದ್ದು ತಪ್ಪಲ್ಲ. ಟ್ಯಾಂಕಿಯೇ ತುಂಬುತ್ತಿಲ್ಲ ಎಂದಾದರೆ ಮಾತ್ರ ಬಾವಿಯ ಕಡೆ ಹೋಗಿ.

ಒಂದೇ ನಲ್ಲಿ ಸಣ್ಣಗಿದ್ದರೆ ಅದರ ಬಾಯಿಯಲ್ಲಿರುವ ಜಾಲರಿ ಬಿಚ್ಚಿ ತೊಳೆಯಿರಿ. ಬೇಸಿಗೆಯಲ್ಲಿ ಬಾವಿಯ ತಳದ ಮಣ್ಣು, ಹೊಯಿಗೆ ಬಂದು ಅಲ್ಲಿ ಕೂರುತ್ತದೆ. ಶವರ್‌ನ ತೂತುಗಳದ್ದೂ ಇದೇ ಕತೆ. ಎಲ್ಲ ನಲ್ಲಿಗಳೂ ಸಣ್ಣಗಿದ್ದರೆ ಟ್ಯಾಂಕಿಯಿಂದ ಹೊರಡುವ ಪೈಪಿನ ಗೇಟ್‌ವಾಲ್ವ್ ಪೂರ್ತಿ ತೆರೆದಿದೆಯಾ ನೋಡಿ. ಟ್ಯಾಂಕಿ ಒಮ್ಮೆ ಪೂರ್ತಿ ಖಾಲಿಯಾಗಿ ಮತ್ತೆ ತುಂಬಿದ ಮೇಲೆ ಈ ತೊಂದರೆ ಶುರುವಾದದ್ದಾದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರುವ ಸಾಧ್ಯತೆ ಹೆಚ್ಚು. ಎಲ್ಲ ನಲ್ಲಿಗಳನ್ನೂ ಸ್ವಲ್ಪ ಹೊತ್ತು ತೆರೆದಿಡಿ, ಗಾಳಿ ಬುಸುಗುಟ್ಟಿಕೊಂಡು ಹೊರಗೆ ಬರುತ್ತದೆ.

ಮಾಳಿಗೆಯಲ್ಲಿ ಮಾತ್ರ ಮೊದಲಿಂದಲೂ ಒತ್ತಡ ಕಮ್ಮಿ ಎಂದಾದರೆ ಅದು ಎತ್ತರದ ಲೆಕ್ಕ. ನೀರು 10 ಮೀಟರ್ ಎತ್ತರದಲ್ಲಿದ್ದರೆ ಸಿಗುವ ಒತ್ತಡ ಸುಮಾರು 1 ಬಾರ್. ಶವರ್‌ಗಿಂತ ಟ್ಯಾಂಕಿ ಒಂದೂವರೆ ಮೀಟರ್ ಮಾತ್ರ ಮೇಲಿದ್ದರೆ ಸಿಗುವುದು 0.15 ಬಾರ್. ಬಾವಿಗೆ ಎಷ್ಟು ದೊಡ್ಡ ಪಂಪು ಹಾಕಿದರೂ ಇದು ಬದಲಾಗದು. ಟ್ಯಾಂಕಿ ಎತ್ತರಿಸಬೇಕು, ಇಲ್ಲವೇ ಟ್ಯಾಂಕಿಯ ನಂತರ ಸಣ್ಣ ಪ್ರೆಶರ್ ಪಂಪು ಕೂರಿಸಬೇಕು. ಅರ್ಧ ಇಂಚಿನ ಪೈಪೇ ಟ್ಯಾಂಕಿಯಿಂದ ಇಳಿದಿದ್ದರೆ ಅದನ್ನು ದೊಡ್ಡದು ಮಾಡಿಸಿದರೂ ನೀರು ಜಾಸ್ತಿಯಾಗುತ್ತದೆ. ಮುಕ್ಕಾಲು ಇಂಚಿನ ಪೈಪಿನ ಬಾಯಿ ಅರ್ಧ ಇಂಚಿನದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ದೊಡ್ಡದು.

ಮೇಲೆ ಕೂತ ಪಂಪು ಎಷ್ಟು ಆಳದಿಂದ ಎಳೆದೀತು?

ಬೇಸಿಗೆಯ ಅಸಲು ಸಮಸ್ಯೆ ಇಲ್ಲಿದೆ. ಬಾವಿಕಟ್ಟೆಯ ಬದಿಯ ಪಂಪು ನೀರನ್ನು ನಿಜವಾಗಿ ಎಳೆಯುವುದಿಲ್ಲ. ಅದು ಸಕ್ಷನ್ ಪೈಪಿನೊಳಗಿನ ಒತ್ತಡ ಕಮ್ಮಿ ಮಾಡುತ್ತದೆ, ಹೊರಗಿನ ವಾತಾವರಣದ ಒತ್ತಡ ನೀರನ್ನು ಮೇಲಕ್ಕೆ ದೂಡುತ್ತದೆ. ಲೆಕ್ಕದ ಪ್ರಕಾರ ಅದರ ಮಿತಿ ಸುಮಾರು 10 ಮೀಟರ್. ಪೈಪು, ಬೆಂಡು, ವಾಲ್ವುಗಳ ತಡೆ ಕಳೆದರೆ ಧೈರ್ಯದಿಂದ ನಂಬಬಹುದಾದದ್ದು 7 ಮೀಟರ್, ಅಂದರೆ ಸುಮಾರು 23 ಅಡಿ.

ಮಳೆಗಾಲದಲ್ಲಿ 10 ಅಡಿಯಲ್ಲಿದ್ದ ನೀರು ಏಪ್ರಿಲ್‌ನಲ್ಲಿ 30 ಅಡಿಗೆ ಇಳಿದರೆ ಆ ಪಂಪು ಎತ್ತಲಾರದು. ಒಂದು ಎಚ್‌ಪಿ ಇರಲಿ, ಮೂರು ಎಚ್‌ಪಿ ಇರಲಿ, ವಾತಾವರಣದ ಒತ್ತಡ ಒಂದೇ ಅಲ್ವಾ? ದಾರಿ ಎರಡು: ಪಂಪನ್ನು ನೀರಿನ ಹತ್ತಿರಕ್ಕೆ ಇಳಿಸುವುದು, ಅಥವಾ ನೀರೊಳಗೇ ಮುಳುಗಿರುವ ಓಪನ್‌ವೆಲ್ ಸಬ್‌ಮರ್ಸಿಬಲ್ ಹಾಕುವುದು. ಅದು ನೀರನ್ನು ಕೆಳಗಿನಿಂದ ದೂಡುವುದರಿಂದ ಈ ಮಿತಿ ಅದಕ್ಕಿಲ್ಲ.

ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ, ಪಂಪಿನಿಂದ ನೀರಿನವರೆಗೆ ಎಷ್ಟು ಅಡಿ ಎಂದು ಅಳೆಯಿರಿ. ಖರ್ಚಿಲ್ಲದ ಈ ಒಂದು ಅಳತೆ ಅರ್ಧ ಪ್ರಶ್ನೆಗೆ ಉತ್ತರ ಹೇಳುತ್ತದೆ.

ನೀರು ಹತ್ತಿರವೇ ಇದ್ದೂ ಬರುತ್ತಿಲ್ಲವೇ?

ಫುಟ್‌ವಾಲ್ವ್: ಪಂಪು ಬಂದ್ ಮಾಡಿ, ನೀರು ಹಾಕುವ ಬಾಯಿಯಲ್ಲಿ ತುಂಬ ನೀರು ಹಾಕಿ ಹತ್ತು ನಿಮಿಷ ಬಿಡಿ. ಮಟ್ಟ ಇಳಿದರೆ ಫುಟ್‌ವಾಲ್ವ್ ಅಥವಾ ಸಕ್ಷನ್ ಪೈಪು ಸೋರುತ್ತಿದೆ. ವಾಲ್ವಿನಲ್ಲಿ ಒಂದು ಎಲೆ ಸಿಕ್ಕಿದರೂ ಸಾಕು. ಪ್ರತಿದಿನ ಪಂಪಿಗೆ ನೀರು ಹಾಕಿಯೇ ಸ್ಟಾರ್ಟ್ ಮಾಡಬೇಕಾಗುತ್ತಿದ್ದರೆ ಮೊದಲ ಅನುಮಾನ ಇದರ ಮೇಲೆ.

ಗಾಳಿ: ಟ್ಯಾಂಕಿಗೆ ಬೀಳುವ ನೀರು ಬಿಟ್ಟು ಬಿಟ್ಟು, ಗುಳ್ಳೆಯೊಂದಿಗೆ ಬರುತ್ತಿದ್ದರೆ ಸಕ್ಷನ್ ಕಡೆಯ ಯಾವುದೋ ಜಾಯಿಂಟ್ ಗಾಳಿ ಎಳೆಯುತ್ತಿದೆ. ಪಂಪು ಓಡುವಾಗ ಜಾಯಿಂಟಿಗೆ ಸೋಪಿನ ನೊರೆ ಹಚ್ಚಿ, ನೊರೆ ಒಳಗೆ ಹೋದರೆ ಅಲ್ಲೇ ತೂತು. ಹಚ್ಚುವಾಗ ಮೋಟಾರ್, ವಯರ್ ಮುಟ್ಟಬೇಡಿ. ಫುಟ್‌ವಾಲ್ವ್ ನೀರಿನ ಮೇಲ್ಮಟ್ಟಕ್ಕೆ ತೀರಾ ಹತ್ತಿರ ಬಂದಿದ್ದರೂ ಹೀಗೇ ಆಗುತ್ತದೆ.

ವೋಲ್ಟೇಜ್: ಸಂಜೆ ಮಾತ್ರ ನೀರು ಕಮ್ಮಿ, ಬೆಳಗಿನ ಜಾವ ಸರಿ ಇದೆ ಎಂದರೆ ಕಾರಣ ಕರೆಂಟು ಇರಬಹುದು. ವೋಲ್ಟೇಜ್ ಇಳಿದಾಗ ಮೋಟಾರಿನ ಬಲ ಅದಕ್ಕಿಂತ ವೇಗವಾಗಿ ಇಳಿಯುತ್ತದೆ. ಮೆಸ್ಕಾಂ ಸಹಾಯವಾಣಿ 1912ಕ್ಕೆ ದೂರು ಕೊಡಿ. ಗುಂಯ್ ಎಂದು ಸದ್ದು ಮಾತ್ರ ಬಂದು ಮೋಟಾರ್ ತಿರುಗದಿದ್ದರೆ ಕೆಪಾಸಿಟರ್ ಹೋಗಿರಬಹುದು, ಕೂಡಲೇ ಸ್ವಿಚ್ ಆಫ್ ಮಾಡಿ.

ನೀರಿಲ್ಲದೆ ಪಂಪು ಓಡಿಸಬೇಡಿ

ಪಂಪಿನ ಸೀಲ್ ತಣ್ಣಗಿರುವುದು ಅದರೊಳಗೆ ಹರಿಯುವ ನೀರಿನಿಂದಲೇ. ನೀರಿಲ್ಲದೆ ಓಡಿದರೆ ಸೀಲ್ ಸುಟ್ಟು, ನೀರು ಮೋಟಾರಿಗೆ ಇಳಿದು ವೈಂಡಿಂಗ್ ಕೂಡ ಹೋಗಬಹುದು. ಒರತೆ ಕಮ್ಮಿಯಾದ ಬಾವಿಯಲ್ಲಿ ಒಮ್ಮೆಗೇ ಒಂದು ಗಂಟೆ ಓಡಿಸುವ ಬದಲು ಬೆಳಿಗ್ಗೆ, ಸಂಜೆ ಸ್ವಲ್ಪ ಸ್ವಲ್ಪ ಓಡಿಸಿ. ನೀರು ತಳಕ್ಕಿಳಿದಾಗ ತಾನಾಗಿ ನಿಲ್ಲುವ ಡ್ರೈರನ್ ಕಟ್‌ಆಫ್ ಹಾಕಿಸಿದರೆ ಇನ್ನೂ ಒಳ್ಳೆಯದು.

ಬಾವಿಗೆ ಇಳಿಯುವ ಮೊದಲು

ಫುಟ್‌ವಾಲ್ವ್ ನೋಡುತ್ತೇನೆಂದು ಒಬ್ಬರೇ ಬಾವಿಗೆ ಇಳಿಯಲೇಬೇಡಿ. ಹಳೆಯ, ಆಳದ ಬಾವಿಗಳಲ್ಲಿ ಆಮ್ಲಜನಕ ಕಮ್ಮಿ ಇರಬಹುದು. ದೀಪ ಇಳಿಸಿದಾಗ ಆರಿದರೆ ಇಳಿಯಬಾರದು ಸರಿ, ಆದರೆ ಆರಲಿಲ್ಲ ಎಂದ ಮಾತ್ರಕ್ಕೆ ಒಳಗಿನ ಗಾಳಿ ಸುರಕ್ಷಿತ ಎಂದೂ ಅಲ್ಲ. ಪೆಟ್ರೋಲ್, ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಿ ಓಡಿಸಿದರೆ ಅದರ ಹೊಗೆಯೇ ಪ್ರಾಣ ತೆಗೆಯುತ್ತದೆ. ಒಳಗಿದ್ದವರು ಕುಸಿದರೆ ಹಿಂದೆಯೇ ಧುಮುಕಬೇಡಿ, 112ಕ್ಕೆ ಕರೆ ಮಾಡಿ. ಪೈಪು ಎತ್ತುವ ಮೊದಲು ಮೈನ್ ಸ್ವಿಚ್ ಆಫ್ ಇರಲಿ.

ಕೊನೆಗೊಂದು ಸಣ್ಣ ಅಭ್ಯಾಸ: ನೀರು ಚೆನ್ನಾಗಿರುವ ಜನವರಿಯಲ್ಲಿ ಟ್ಯಾಂಕಿ ತುಂಬಲು ಎಷ್ಟು ನಿಮಿಷ ಬೇಕು, ಬಾವಿಯಲ್ಲಿ ನೀರು ಎಷ್ಟು ಅಡಿಯಲ್ಲಿದೆ ಎಂದು ಪಂಪ್‌ಶೆಡ್ಡಿನ ಗೋಡೆಯಲ್ಲಿ ಬರೆದಿಡಿ. ಪತ್ತನಾಜೆಯವರೆಗೆ ತಿಂಗಳಿಗೊಮ್ಮೆ ಅದನ್ನೇ ಬರೆಯಿರಿ. ನೀರಿನ ಮಟ್ಟ ಇಳಿದಂತೆ ಹೊತ್ತು ಜಾಸ್ತಿಯಾಗುವುದು ಸಹಜ. ಮಟ್ಟ ಅಷ್ಟೇ ಇದ್ದು ಹೊತ್ತು ಮಾತ್ರ ಜಾಸ್ತಿಯಾದರೆ, ಆಗ ಮೆಕ್ಯಾನಿಕ್‌ಗೆ ಫೋನ್ ಮಾಡಿ.