ಸಾಮಾನ್ಯ ಸೌಕರ್ಯಗಳ ದುರಸ್ತಿಯಲ್ಲಿ ವಿಳಂಬ: ಬಾಡಿಗೆದಾರ ವ್ಯಾಪಾರಿಯ ಹಕ್ಕುಗಳು

ಮಳಿಗೆಯನ್ನೋ ಗೋದಾಮನ್ನೋ ಬಾಡಿಗೆಗೆ ಪಡೆದ ವ್ಯಾಪಾರಿ ನಾಲ್ಕು ಗೋಡೆಗಳಿಗಷ್ಟೇ ಹಣ ತೆರುವುದಿಲ್ಲ. ಮೆಟ್ಟಿಲು, ಲಿಫ್ಟು, ನೀರಿನ ಟಾಕಿ, ಶೌಚಾಲಯ, ಚರಂಡಿ ಮುಂತಾದ ಸಾಮಾನ್ಯ ಸೌಕರ್ಯಗಳ ಬಳಕೆಯೂ ಆ ವ್ಯವಹಾರದಲ್ಲಿ ಸೇರಿರುತ್ತದೆ ಎಂಬುದು ಅವನ ನಂಬಿಕೆ. ಇವುಗಳಲ್ಲಿ ಒಂದು ಕೆಟ್ಟು ಮಾಲೀಕರು ದುರಸ್ತಿಯನ್ನು ಮುಂದೂಡುತ್ತ ಹೋದರೆ ಕಾನೂನಿನಲ್ಲಿ ಪರಿಹಾರವೇನು ಎಂಬುದು ನಮ್ಮ ಅನೇಕ ಸದಸ್ಯರನ್ನು ಕಾಡುವ ಪ್ರಶ್ನೆ.

ಒಂದು ಕಲ್ಪಿತ ಪ್ರಸಂಗವನ್ನು ತೆಗೆದುಕೊಳ್ಳೋಣ. ಧಾರವಾಡ ತಾಲೂಕಿನ ಮುಗದ ಭತ್ತದ ಸೀಮೆ. ಅಲ್ಲಿನ ವ್ಯಾಪಾರಿಯೊಬ್ಬರು ತಿಂಗಳಿಗೆ 8,000 ರೂಪಾಯಿ ಬಾಡಿಗೆಯ ಗೋದಾಮಿನಲ್ಲಿ ಭತ್ತ ದಾಸ್ತಾನು ಮಾಡಿದ್ದಾರೆ. ಅದೇ ಕಟ್ಟಡದಲ್ಲಿ ಇನ್ನೂ ಮೂವರು ಬಾಡಿಗೆದಾರರಿದ್ದಾರೆ. ಎಲ್ಲರಿಗೂ ಸೇರಿದ ಚರಂಡಿ ಕಟ್ಟಿಕೊಂಡಿದೆ, ಮಳೆಗಾಲ ಸಮೀಪಿಸಿದೆ. ಮಾಲೀಕರ ಉತ್ತರ ಮಾತ್ರ ‘ಮುಂದಿನ ತಿಂಗಳು ನೋಡೋಣ’ ಎಂಬುದು.

ಯಾವ ಕಾನೂನು ಅನ್ವಯಿಸುತ್ತದೆ?

ಬಾಡಿಗೆ ಎಂದೊಡನೆ ಎಲ್ಲರಿಗೂ ನೆನಪಾಗುವುದು ಕರ್ನಾಟಕ ಬಾಡಿಗೆ ಅಧಿನಿಯಮ, 1999. ಆದರೆ ವಾಣಿಜ್ಯ ಬಳಕೆಯ ಕಟ್ಟಡಗಳ ಪೈಕಿ 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿ ಮೀರದ ಸಣ್ಣ ಮಳಿಗೆಗಳನ್ನು ಮಾತ್ರ ಅದು ಒಳಗೊಳ್ಳುತ್ತದೆ. ಅದರಲ್ಲೂ ಬಾಡಿಗೆ ಮೊತ್ತದ ಮಿತಿಯುಂಟು. ಹೀಗಾಗಿ ನಮ್ಮ ಸದಸ್ಯರ ಬಹುತೇಕ ಮಳಿಗೆ, ಗೋದಾಮು ಹಾಗೂ ಕಾರ್ಖಾನೆ ಶೆಡ್ಡುಗಳಿಗೆ ಅನ್ವಯವಾಗುವುದು ಸ್ವತ್ತು ವರ್ಗಾವಣೆ ಅಧಿನಿಯಮ, 1882 ಮತ್ತು ಉಭಯತರ ನಡುವಿನ ಕರಾರು ಪತ್ರ.

1882ರ ಅಧಿನಿಯಮದ 108ನೆಯ ಕಲಮಿನ (ಎಫ್) ಖಂಡವು ಇಲ್ಲಿ ಮುಖ್ಯವಾದುದು. ಮಾಲೀಕನು ತಾನು ಮಾಡಲು ಬದ್ಧನಾಗಿರುವ ದುರಸ್ತಿಯನ್ನು, ತಿಳಿವಳಿಕೆ ಪತ್ರ ತಲುಪಿದ ಬಳಿಕ ಯುಕ್ತ ಅವಧಿಯೊಳಗೆ ಮಾಡದಿದ್ದರೆ, ಬಾಡಿಗೆದಾರನು ತಾನೇ ಮಾಡಿಸಿ ಅದರ ವೆಚ್ಚವನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಇಲ್ಲವೆ ಬೇರೆ ರೀತಿಯಲ್ಲಿ ವಸೂಲು ಮಾಡಬಹುದು.

‘ಬದ್ಧನಾಗಿರುವ’ ಎಂಬ ಪದವನ್ನು ಗಮನಿಸಬೇಕು. ಎಲ್ಲ ದುರಸ್ತಿಯೂ ಮಾಲೀಕನ ಹೊಣೆ ಎಂದು ಈ ಕಲಮು ಹೇಳುವುದಿಲ್ಲ. ಆ ಹೊಣೆ ಮುಖ್ಯವಾಗಿ ಕರಾರಿನಿಂದ ಹುಟ್ಟುತ್ತದೆ. ಇದಲ್ಲದೆ ಈ ಖಂಡವು ಬಾಡಿಗೆಗೆ ಕೊಟ್ಟ ಸ್ವತ್ತಿನ ದುರಸ್ತಿಯನ್ನು ಕುರಿತದ್ದು. ಚರಂಡಿ, ಮೆಟ್ಟಿಲು, ಲಿಫ್ಟುಗಳ ಉಲ್ಲೇಖವೇ ಕರಾರಿನಲ್ಲಿ ಇಲ್ಲದಿದ್ದರೆ ಮಾಲೀಕರು ತಕರಾರು ತೆಗೆಯಲು ಆಸ್ಪದವಾಗುತ್ತದೆ.

ನೋಂದಣಿಯ ಮಹತ್ವ

ಇನ್ನೊಂದು ತೊಡಕು ಕರಾರು ಪತ್ರದ ಸ್ವರೂಪದಲ್ಲಿಯೇ ಇದೆ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ಮೂರು ಅಥವಾ ಐದು ವರ್ಷದ ಕರಾರನ್ನು ಛಾಪಾ ಕಾಗದದ ಮೇಲೆ ಬರೆದು ನೋಂದಾಯಿಸದೆ ಇಟ್ಟರೆ, ಅದರಲ್ಲಿನ ಶರತ್ತುಗಳನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಮುಂದಿಡಲು ಸಾಮಾನ್ಯವಾಗಿ ಬರುವುದಿಲ್ಲ. ದುರಸ್ತಿಯ ಶರತ್ತು ಎಷ್ಟು ಸ್ಪಷ್ಟವಾಗಿದ್ದರೂ ಬೇಕಾದ ವೇಳೆಗೆ ಅದು ಕೈಕೊಡುತ್ತದೆ. ನೋಂದಣಿಯ ಖರ್ಚು ಉಳಿಸಲು ಹೋಗಿ ಹಕ್ಕನ್ನೇ ಕಳೆದುಕೊಳ್ಳುವುದು ಜಾಣತನವಲ್ಲ.

ಅನುಸರಿಸಬೇಕಾದ ಕ್ರಮ

1. ಬಾಯಿಮಾತಿನ ದೂರಿಗೆ ನಿಲ್ಲದೆ ಲಿಖಿತ ತಿಳಿವಳಿಕೆ ಪತ್ರ ಕೊಡಬೇಕು. ದೋಷ, ಅದು ಕಂಡುಬಂದ ದಿನಾಂಕ, ಆಗುತ್ತಿರುವ ಹಾನಿ, ಕರಾರಿನ ಸಂಬಂಧಪಟ್ಟ ಶರತ್ತು ಹಾಗೂ ದುರಸ್ತಿಗೆ ನೀಡಿದ ಅವಧಿ ಅದರಲ್ಲಿರಲಿ. ಅಂಚೆಯ ಮೂಲಕ ಕಳುಹಿಸಿ ತಲುಪಿದ ಪುರಾವೆ ಇಟ್ಟುಕೊಳ್ಳಬೇಕು.

2. ದಿನಾಂಕಸಹಿತ ಛಾಯಾಚಿತ್ರ ಹಾಗೂ ಕನಿಷ್ಠ ಎರಡು ಕಡೆಯ ಅಂದಾಜು ವೆಚ್ಚದ ಪಟ್ಟಿ ಪಡೆಯಬೇಕು.

3. ಸಾಧ್ಯವಾದರೆ ಎಲ್ಲ ಬಾಡಿಗೆದಾರರೂ ಕೂಡಿಯೇ ಸಹಿ ಹಾಕಬೇಕು. ಮೇಲಿನ ಪ್ರಸಂಗದಲ್ಲಿ ಚರಂಡಿಗೆ 12,000 ರೂಪಾಯಿ ತಗಲಿದರೆ ನಾಲ್ವರಿಗೂ ತಲಾ 3,000 ರೂಪಾಯಿ ಬರುತ್ತದೆ.

4. ಅವಧಿ ಮುಗಿದ ಮೇಲೆ ದುರಸ್ತಿ ಮಾಡಿಸಿ, ಮುರಿದುಕೊಂಡ ಮೊತ್ತ ಬಿಟ್ಟು ಉಳಿದ 5,000 ರೂಪಾಯಿಯನ್ನು ಚೆಕ್ಕಿನ ಮೂಲಕವೋ ಬ್ಯಾಂಕಿನ ಮೂಲಕವೋ ಸಲ್ಲಿಸಬೇಕು. ಬಿಲ್ಲುಗಳ ಪ್ರತಿಯನ್ನು ಪತ್ರದೊಂದಿಗೆ ಲಗತ್ತಿಸಬೇಕು. ಮುರಿದುಕೊಳ್ಳುವುದನ್ನು ನಿಷೇಧಿಸುವ ಶರತ್ತು ಕರಾರಿನಲ್ಲಿ ಇಲ್ಲವೆಂದು ಮೊದಲೇ ಖಚಿತಪಡಿಸಿಕೊಳ್ಳುವುದು ಅವಶ್ಯ.

ಸಿಟ್ಟಿನ ಭರದಲ್ಲಿ ಪೂರ್ತಿ ಬಾಡಿಗೆಯನ್ನೇ ತಡೆಹಿಡಿಯುವುದು ದೊಡ್ಡ ತಪ್ಪು. ಬಾಕಿದಾರನೆಂಬ ಹಣೆಪಟ್ಟಿ ಬಿದ್ದರೆ ದುರಸ್ತಿಯ ಪ್ರಶ್ನೆ ಹಿಂದೆ ಸರಿದು ಮಳಿಗೆ ತೆರವಿನ ದಾವೆ ಮುಂದೆ ಬರುತ್ತದೆ. ಬೇರೆ ಕರಾರಿಲ್ಲದ ತಿಂಗಳ ಬಾಡಿಗೆಯನ್ನು 15 ದಿನಗಳ ನೋಟೀಸಿನಿಂದ ಕೊನೆಗೊಳಿಸಬಹುದು. ತಯಾರಿಕಾ ಉದ್ದೇಶದ ಗುತ್ತಿಗೆಗೆ ಆರು ತಿಂಗಳ ನೋಟೀಸು ಬೇಕು. ಈ ಕಾರಣದಿಂದಲೇ ಅವಧಿ ನಮೂದಿಸಿದ ನೋಂದಾಯಿತ ಗುತ್ತಿಗೆ ಇಲ್ಲದವನು ಹಕ್ಕು ಕೇಳಲು ಅಂಜುತ್ತಾನೆ.

ಇತರ ಮಾರ್ಗಗಳು

ದುರಸ್ತಿ ಬಾಡಿಗೆದಾರನ ಶಕ್ತಿ ಮೀರಿದ್ದಾದರೆ ಸಿವಿಲ್ ನ್ಯಾಯಾಲಯದಿಂದ ಆದೇಶಾತ್ಮಕ ಪ್ರತಿಬಂಧಕಾಜ್ಞೆ ಹಾಗೂ ನಷ್ಟ ಪರಿಹಾರ ಕೋರಬಹುದು. ದಾವೆಗೆ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ರಾಜಿಗೆ ಯತ್ನಿಸುವುದು ಸಮಯ ಮತ್ತು ಹಣ ಎರಡನ್ನೂ ಉಳಿಸುತ್ತದೆ. ಲಿಫ್ಟಿನ ಸುರಕ್ಷತೆಯ ವಿಷಯವಾದರೆ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯಕ್ಕೂ, ಕಟ್ಟಡವೇ ಶಿಥಿಲವಾಗಿದ್ದರೆ ಸ್ಥಳೀಯ ಸಂಸ್ಥೆಗೂ ಲಿಖಿತ ದೂರು ನೀಡಬೇಕು. 2019ರ ಮಾರ್ಚಿನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಜನ ಮಡಿದರು. ಅದು ದುರಸ್ತಿಯ ವಿಳಂಬದಿಂದ ಆದುದಲ್ಲವಾದರೂ, ಕಟ್ಟಡದ ಸುರಕ್ಷತೆಯನ್ನು ಹಗುರಾಗಿ ಎಣಿಸಬಾರದೆಂಬ ಪಾಠ ಅದರಲ್ಲಿದೆ.

ಮುಂದಿನ ಕರಾರಿಗೆ

ಕೇಂದ್ರ ಸಚಿವ ಸಂಪುಟವು 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಅಧಿನಿಯಮವು ರಾಜ್ಯವು ಅಳವಡಿಸಿಕೊಳ್ಳದ ಹೊರತು ಅನ್ವಯಿಸದು. ಆದರೂ ಕರಾರು ಬರೆಯುವಾಗ ಅದು ಒಳ್ಳೆಯ ಕೈಪಿಡಿ. ಸಾಮಾನ್ಯ ಸೌಕರ್ಯಗಳ ನಿರ್ವಹಣೆ ಯಾರ ಹೊಣೆ ಎಂಬುದನ್ನು ಕರಾರಿನಲ್ಲಿಯೇ ನಮೂದಿಸಬೇಕೆಂದು ಅದು ಹೇಳುತ್ತದೆ; ದುರಸ್ತಿಗಾಗಿ ಒಂದು ತಿಂಗಳಲ್ಲಿ ಮುರಿದುಕೊಳ್ಳುವ ಮೊತ್ತವನ್ನು ಬಾಡಿಗೆಯ ಅರ್ಧಕ್ಕೆ ಮಿತಿಗೊಳಿಸುತ್ತದೆ. ಸದಸ್ಯರು ಮುಂದಿನ ನವೀಕರಣದ ವೇಳೆ ಸೌಕರ್ಯಗಳ ಪಟ್ಟಿ, ಹೊಣೆಗಾರರ ಹೆಸರು, ದುರಸ್ತಿಯ ಅವಧಿ ಮತ್ತು ವೆಚ್ಚ ಮುರಿದುಕೊಳ್ಳುವ ಹಕ್ಕು ಎಂಬ ನಾಲ್ಕು ಅಂಶಗಳನ್ನು ಸೇರಿಸಿ ಕರಾರನ್ನು ನೋಂದಾಯಿಸಿಕೊಳ್ಳಬೇಕು. ಈಗಾಗಲೇ ವಿವಾದ ಎದ್ದಿದ್ದರೆ ಹಣ ಮುರಿದುಕೊಳ್ಳುವ ಮುನ್ನ ಕರಾರು ಪತ್ರವನ್ನು ತಮ್ಮ ವಕೀಲರಿಗೆ ತೋರಿಸುವುದು ಕ್ಷೇಮಕರ.