18 ವೋಲ್ಟ್ ಇದೆ, ಕರೆಂಟೇ ಇಲ್ಲ

ರಾತ್ರಿ ಮೂರು ಗಂಟೆಗೆ ನಮ್ಮ ಟ್ರೇಲರಿನ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಪಕ್ಕದ ಸೈಟಿನಲ್ಲಿದ್ದ ಗೆಳೆಯ. ಕಂಬಳಿ ಸುತ್ತಿದ ಮಗಳು ಅವನ ಹೆಗಲ ಮೇಲೆ. "ಹೀಟರ್ ಕೈಕೊಡ್ತು ಮಾರಾಯ. ಗ್ಯಾಸ್ ತುಂಬಾ ಇದೆ, ಫ್ಯಾನ್ ತಿರುಗ್ತಾ ಇದೆ, ಆದ್ರೆ ಬರ್ತಿರೋದು ತಣ್ಣನೆ ಗಾಳಿ" ಅಂದ. ಜುಲೈ ತಿಂಗಳು, ಉತ್ತರ ಕ್ಯಾಲಿಫೋರ್ನಿಯಾದ ಹಂಬೋಲ್ಟ್ ರೆಡ್‌ವುಡ್ಸ್ ಸ್ಟೇಟ್ ಪಾರ್ಕಿನ ಬರ್ಲಿಂಗ್ಟನ್ ಕ್ಯಾಂಪ್‌ಗ್ರೌಂಡ್. ಹೊರಗೆ 10 ಡಿಗ್ರಿ ಆಸುಪಾಸು. ಮಗುವನ್ನು ಒಳಗೆ ಮಲಗಿಸಿ, ಟಾರ್ಚ್ ಹಿಡಿದು ಅವನ ಟ್ರೇಲರಿಗೆ ಹೋದೆ. ಬ್ಯಾಟರಿ 11 ವೋಲ್ಟಿಗಿಂತ ಕೆಳಗಿಳಿದಿತ್ತು. "ಅದು ಹೇಗೆ ಸಾಧ್ಯ? ಎರಡು ದಿನದಿಂದ ಮೇಲೆ ಸೋಲಾರ್ ಚಾರ್ಜ್ ಆಗ್ತಾನೇ ಇದೆಯಲ್ಲ" ಎಂದು ಅವನು ಕೇಳಿದ.

ಆಗಿರಲಿಲ್ಲ. ಎರಡು ದಿನದಲ್ಲಿ ಆ ಪ್ಯಾನೆಲ್ಲಿನಿಂದ ಬ್ಯಾಟರಿಗೆ ಬಂದದ್ದು ಒಂದು ಫೋನ್ ಸರಿಯಾಗಿ ತುಂಬಲೂ ಸಾಲದು.

ಟ್ರೇಲರ್ ಬಾಡಿಗೆ ಕೊಡುವವರು, ಮಾರುವವರು, ಗೆಳೆಯರ ಗುಂಪಿನಲ್ಲಿ ಸಲಹೆ ಕೊಡುವವರು ಎಲ್ಲರ ಬಾಯಲ್ಲೂ ಈ ಮಾತು ಕೇಳಿ ನನಗೆ ಸಾಕಾಗಿದೆ: "ಮೇಲೆ 100 ವಾಟ್ ಪ್ಯಾನೆಲ್ ಇದೆ, ಕರೆಂಟಿನ ಯೋಚನೆ ಬೇಡ." ಮರುಭೂಮಿಗೆ ಹೋಗುವವರಿಗೆ ಈ ಮಾತು ಸರಿ. ರೆಡ್‌ವುಡ್ ಕಾಡಿಗೆ ಹೊರಟವರಿಗೆ ಹೇಳಿದರೆ ಅದು ಮೋಸ. ಹೇಳುವವರಿಗೇ ಗೊತ್ತಿಲ್ಲದೆ ಮಾಡುವ ಮೋಸ ಎಂದೇ ಇಟ್ಟುಕೊಳ್ಳೋಣ, ಆದರೂ ಚಳಿ ಹಿಡಿಯುವುದು ಕೇಳಿದವರ ಮಕ್ಕಳಿಗೆ.

ಬುದ್ಧಿವಂತರೂ ಈ ನಂಬಿಕೆಗೆ ಬೀಳುವುದು ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಕೂರುವ ಕಂಟ್ರೋಲರಿನ ಪರದೆಯಿಂದ. ನೆರಳಲ್ಲೂ ಅದರ ಹಸಿರು ದೀಪ ಉರಿಯುತ್ತದೆ, ಪ್ಯಾನೆಲ್ ವೋಲ್ಟೇಜ್ 18 ಎಂದು ತೋರಿಸುತ್ತದೆ. ಬ್ಯಾಟರಿಗೆ ಬೇಕಾದ್ದು 14ರ ಹತ್ತಿರ, ಇಲ್ಲಿ 18 ಇದೆ, ಇನ್ನೇನು ಬೇಕು ಅನ್ನಿಸುತ್ತದೆ. ಸೋಲಾರ್ ಸೆಲ್ಲಿನ ಗುಣವೇ ಹಾಗೆ. ಬೆಳಕು ನೂರಕ್ಕೆ ಒಂದು ಪಾಲಿಗೆ ಇಳಿದರೂ ವೋಲ್ಟೇಜ್ ಸ್ವಲ್ಪ ಮಾತ್ರ ಕುಸಿಯುತ್ತದೆ, ಕರೆಂಟು ಮಾತ್ರ ಬೆಳಕಿನ ಜೊತೆಗೇ ನೂರಕ್ಕೆ ಒಂದಾಗುತ್ತದೆ. ಬೇಸಿಗೆಯ ಬೆಂಗಳೂರಿನಲ್ಲಿ ನಲ್ಲಿ ತಿರುಗಿಸಿದಾಗ ಪೈಪಿನಲ್ಲಿ ಬುಸ್ ಅನ್ನುವ ಸದ್ದು ಬರುತ್ತದಲ್ಲ, ಬಿಂದಿಗೆಗೆ ನೀರು ಮಾತ್ರ ಬೀಳುವುದಿಲ್ಲ. ಈ 18 ವೋಲ್ಟ್ ಆ ಸದ್ದಿನಂಥದ್ದು.

ಬೆಳಗ್ಗೆ ಗೆಳೆಯನಿಗೆ ತೋರಿಸಲೇಬೇಕು ಅನ್ನಿಸಿತು. ಕರೆಂಟು ಅಳೆಯುವ ಮೀಟರನ್ನು ಪ್ಯಾನೆಲ್ಲಿನ ವೈರಿಗೆ ಹಾಕಿದೆ. ಹನ್ನೊಂದು ಗಂಟೆ, ಆಕಾಶ ತಿಳಿಯಾಗಿತ್ತು, ಮರಗಳ ನಡುವೆ ಚೆನ್ನಾಗಿಯೇ ಬೆಳಕಿತ್ತು. ಮೀಟರ್ ತೋರಿಸಿದ್ದು 0.08 ಆಂಪಿಯರ್. ಅದೇ ಟ್ರೇಲರನ್ನು ಎಳೆದುಕೊಂಡು ಹೋಗಿ ರಸ್ತೆ ಪಕ್ಕದ ಬಯಲಲ್ಲಿ ನಿಲ್ಲಿಸಿದೆವು. 5.2. ಪ್ಯಾನೆಲ್ ಅದೇ, ವೈರ್ ಅದೇ. ಗೆಳೆಯ ಮೀಟರನ್ನು ಒಮ್ಮೆ, ಮರಗಳನ್ನು ಒಮ್ಮೆ ನೋಡಿದ.

"ಆದರೆ ಅಲ್ಲಿ ಬೆಳಕಿತ್ತಲ್ಲ" ಎಂದು ಕೇಳಿದ. ಇತ್ತು, ಕಣ್ಣಿಗೆ. ತೆರೆದ ಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಕೂತು ಪುಸ್ತಕ ಓದಲು 500 ಲಕ್ಸ್ ಧಾರಾಳವಾಗಿ ಸಾಕು. ಅಂದರೆ ಆರಾಮಾಗಿ ಓದುವಷ್ಟು ಬೆಳಕೆಂದರೆ ಬಿಸಿಲಿನ 200ನೇ ಒಂದು ಪಾಲು. ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಂಡುಬಿಡುತ್ತದೆ, ವ್ಯತ್ಯಾಸವನ್ನು ನಮಗೆ ಹೇಳುವುದೇ ಇಲ್ಲ. ಸಿಲಿಕಾನಿಗೆ ಆ ಹೊಂದಾಣಿಕೆ ಇಲ್ಲ.

ಆ ಕಾಡಿನ ನೆಲ ಎಷ್ಟು ಕತ್ತಲೆ ಎಂದು ತಿಳಿಯಲು ಮೀಟರೂ ಬೇಡ, ಕಾಲ ಬುಡ ನೋಡಿದರೆ ಸಾಕು. ಟ್ರೇಲರಿನ ಮೆಟ್ಟಿಲಿನಿಂದಲೇ ಶುರುವಾಗಿ ಹಾಸಿದಂತೆ ಬೆಳೆದಿರುವುದು ರೆಡ್‌ವುಡ್ ಸಾರೆಲ್, ನಮ್ಮ ಪುಲ್ಲಂಪುರಚಿಯ ದೊಡ್ಡಕ್ಕ. ಮೂರು ಮೂರು ಎಲೆ, ಹೃದಯದ ಆಕಾರ, ರುಚಿಯೂ ಹುಳಿಯೇ. ತುಂಬು ಬಿಸಿಲಿನ 200ನೇ ಒಂದು ಪಾಲು ಬೆಳಕಲ್ಲೂ ಅದು ಬದುಕಬಲ್ಲದು. ಒಂದು ತುಣುಕು ಬಿಸಿಲು ನೇರ ಬಿದ್ದರೆ ಕೆಲವೇ ನಿಮಿಷಗಳಲ್ಲಿ ಮೂರೂ ಎಲೆಗಳನ್ನು ಕೊಡೆ ಮಡಚಿದ ಹಾಗೆ ಕೆಳಗಿಳಿಸುತ್ತದೆ, ಬಿಸಿಲು ದಾಟಿದ ಮೇಲೆ ಮತ್ತೆ ಬಿಚ್ಚುತ್ತದೆ. ನಾನು ಕಾಫಿ ಲೋಟ ಹಿಡಿದು ಕೂತು ಇದನ್ನು ಪೂರ್ತಿ ನೋಡಿದ್ದೇನೆ. ನೇರ ಬಿಸಿಲು ಬಿದ್ದರೆ ಮುದುಡುವ ಗಿಡ ಹಾಸಿಕೊಂಡಿರುವ ಜಾಗದಲ್ಲಿ ಸೋಲಾರ್ ನಂಬಿ ಮನೆ ಹೂಡುವುದೆಂದರೆ ಏನು ಹೇಳಲಿ!

ಅಮ್ಮ ಸಾಗರದ ಕಡೆಯವರು. ಆ ವರ್ಷ ನಮ್ಮ ಜೊತೆ ಬಂದಿದ್ದರು. ನಮ್ಮ ಮೀಟರಿನ ಗಲಾಟೆಯೆಲ್ಲ ನೋಡಿ, "ಅಡಿಕೆ ತೋಟದ ಒಳಗೆ ಯಾರಾದ್ರೂ ಹಪ್ಪಳ ಒಣಗಿಸ್ತಾರೇನೋ? ಅಂಗಳಕ್ಕೆ ತರಬೇಕಪ್ಪ" ಎಂದರು. ಅಷ್ಟೇ ವಿಷಯ.

"ಮೋಡ ಇದ್ದರೂ ಸೋಲಾರ್ ಕೆಲಸ ಮಾಡುತ್ತದೆ" ಎಂಬ ವಾದವನ್ನು ಇಲ್ಲಿ ತರುತ್ತಾರೆ. ಮೋಡದಲ್ಲಿ ಕೆಲಸ ಮಾಡುವುದು ನಿಜ. ಮೋಡ ಬೆಳಕನ್ನು ಚದುರಿಸುತ್ತದೆ, ಇಡೀ ಆಕಾಶದಿಂದ ಸ್ವಲ್ಪ ಸ್ವಲ್ಪ ಬಂದು ನೂರಕ್ಕೆ ಹತ್ತರಿಂದ ಇಪ್ಪತ್ತೈದು ಪಾಲಾದರೂ ದಕ್ಕುತ್ತದೆ. ಮರ ಹಾಗಲ್ಲ. ಎಲೆ ಬೆಳಕನ್ನು ಉಣ್ಣುತ್ತದೆ, ಅದು ಇರುವುದೇ ಅದಕ್ಕೆ. ಇನ್ನು "ನಡುನಡುವೆ ಬಿಸಿಲು ಬೀಳುತ್ತದಲ್ಲ" ಎನ್ನುವವರಿದ್ದಾರೆ. 80 ಮೀಟರ್ ಎತ್ತರದ ಕಿಂಡಿಯಿಂದ ಇಳಿದ ಬಿಸಿಲಿನ ತುಣುಕು ನಡು ಮಧ್ಯಾಹ್ನ ಗಂಟೆಗೆ ಸುಮಾರು 20 ಮೀಟರ್ ಸರಿಯುತ್ತದೆ. ಎರಡೂವರೆ ಮೀಟರ್ ಅಗಲದ ಟ್ರೇಲರನ್ನು ಅದು ದಾಟಲು ಎಷ್ಟು ಹೊತ್ತು? ದಾಟುವಾಗಲೂ ಪ್ಯಾನೆಲ್ಲಿನ ಅರ್ಧಕ್ಕೆ ಬಿಸಿಲು, ಅರ್ಧಕ್ಕೆ ಕೊಂಬೆಯ ನೆರಳು. ಸೆಲ್ಲುಗಳನ್ನು ಒಂದರ ಹಿಂದೆ ಒಂದು ಜೋಡಿಸಿರುವುದರಿಂದ, ನೆರಳು ಬಿದ್ದ ಒಂದು ಸೆಲ್ಲು ತನ್ನ ಸಾಲನ್ನೆಲ್ಲ ಕಟ್ಟಿಹಾಕುತ್ತದೆ.

ಹೀಟರ್ ಗ್ಯಾಸಿನದು, ಅದಕ್ಕೂ ಬ್ಯಾಟರಿಗೂ ಏನು ಸಂಬಂಧ ಎಂಬುದು ಇದರ ತಂಗಿ ನಂಬಿಕೆ. ಗಾಳಿ ತಳ್ಳುವ ಫ್ಯಾನ್ ಬ್ಯಾಟರಿಯದು. ಅದು ತಕ್ಕ ವೇಗಕ್ಕೆ ಬರದಿದ್ದರೆ ಒಳಗಿನ ಸುರಕ್ಷತಾ ಸ್ವಿಚ್ ಗ್ಯಾಸ್ ಹೊತ್ತಿಕೊಳ್ಳಲು ಬಿಡುವುದಿಲ್ಲ. ಗೆಳೆಯನಿಗೆ ಆ ರಾತ್ರಿ ಆದದ್ದು ಅದೇ. ಲೆಕ್ಕ ಸುಲಭ: 100 ಆಂಪಿಯರ್ ಅವರಿನ ಸೀಸದ ಬ್ಯಾಟರಿಯಲ್ಲಿ ಹಾಳುಮಾಡದೆ ಬಳಸಬಹುದಾದದ್ದು 50. 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ದಿನಕ್ಕೆ 30ರ ಹತ್ತಿರ ತಿನ್ನುತ್ತದೆ. ಹೀಟರಿನ ಫ್ಯಾನ್ 3 ಆಂಪಿಯರಿನಂತೆ ರಾತ್ರಿ ನಾಲ್ಕು ಗಂಟೆ ತಿರುಗಿದರೆ 12. ದೀಪ, ನೀರಿನ ಪಂಪು, ಫೋನುಗಳು ಬೇರೆ. ಎರಡನೆಯ ರಾತ್ರಿ ನಿಂತೇ ನಿಲ್ಲುತ್ತದೆ. ಅಲ್ಲಿನ ಸೈಟುಗಳಲ್ಲಿ ಕರೆಂಟಿನ ಪ್ಲಗ್ಗೂ ಇಲ್ಲ. ಕ್ಯಾಲಿಫೋರ್ನಿಯಾದ ಸ್ಟೇಟ್ ಪಾರ್ಕುಗಳಲ್ಲಿ ಜನರೇಟರಿಗೆ ಅವಕಾಶ ಬೆಳಗ್ಗೆ 10ರಿಂದ ರಾತ್ರಿ 8ರವರೆಗೆ ಮಾತ್ರ. ಆ ಮರಗಳ ಬುಡದಲ್ಲಿ ಹಗಲಲ್ಲೂ ಅದರ ಗದ್ದಲ ಕೇಳಲು ನನಗಂತೂ ಮನಸ್ಸಾಗುವುದಿಲ್ಲ.

ಮಾಡಬೇಕಾದ್ದು ಇಷ್ಟೆ. ಮನೆಯಿಂದ ಬ್ಯಾಟರಿ ಪೂರ್ತಿ ತುಂಬಿಕೊಂಡು ಹೊರಡಿ, ಅದನ್ನು ಟ್ಯಾಂಕಿನ ನೀರಿನಂತೆ ಲೆಕ್ಕ ಇಟ್ಟು ಬಳಸಿ. ಫ್ರಿಜ್ ಬದಲು ಐಸ್ ಪೆಟ್ಟಿಗೆ, ಹೀಟರ್ ಬದಲು ಒಳ್ಳೆಯ ರಜಾಯಿ. ಮೂರು ದಿನಕ್ಕಿಂತ ಹೆಚ್ಚು ಇರುವುದಾದರೆ ಕಾರಿನ ಎಂಜಿನ್ನಿನಿಂದ ತುಂಬುವ ಡಿಸಿ ಚಾರ್ಜರ್ ಹಾಕಿಸಿ. ಟ್ರೇಲರಿನ ಪ್ಲಗ್ಗಿನಲ್ಲಿ ಬರುವ ಸಣ್ಣ ವೈರಿನಿಂದ ಹೆಚ್ಚೇನೂ ತುಂಬುವುದಿಲ್ಲ. ಪ್ರೇರಿ ಕ್ರೀಕ್ ಪಾರ್ಕಿನ ಎಲ್ಕ್ ಪ್ರೇರಿಯಲ್ಲಿ ಹುಲ್ಲುಗಾವಲ ಅಂಚಿನ ಸೈಟ್ ಸಿಕ್ಕರೆ ಮಾತ್ರ ಪ್ಯಾನೆಲ್ಲಿಗೆ ನಿಜವಾದ ಆಕಾಶ ಸಿಗುತ್ತದೆ, ಅದೂ ಬೆಳಗಿನ ಮಂಜು ಸರಿದ ಮೇಲೆ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು. ಸಣ್ಣ ಟ್ರೇಲರ್ ಎಲ್ಲಿಗೆ ಬೇಕಾದರೂ ಹೋಗುತ್ತದೆ ಅನ್ನುತ್ತಾರೆ. ಗೋಲ್ಡ್ ಬ್ಲಫ್ಸ್ ಬೀಚಿಗೆ ಹೋಗುವ ಡೇವಿಸನ್ ರಸ್ತೆಯಲ್ಲಿ ಯಾವ ಗಾತ್ರದ ಟ್ರೇಲರಿಗೂ ಪ್ರವೇಶವಿಲ್ಲ. ಕಾರು ತೂರುವ ಮರಗಳನ್ನು ಕೊರೆದದ್ದು ಮನುಷ್ಯರು, ಈ ತೀರದ ರೆಡ್‌ವುಡ್‌ಗಳಲ್ಲಿ ಅಂಥವು ಈಗ ಇರುವುದು ಖಾಸಗಿ ಜಾಗಗಳಲ್ಲಿ. ಬಿದ್ದ ಕಟ್ಟಿಗೆ ಆಯ್ದು ಬೆಂಕಿ ಹಾಕುವಂತಿಲ್ಲ. ರಾತ್ರಿಯಿಡೀ ಟ್ರೇಲರಿನ ಮೇಲೆ ಟಪಟಪ ಬಿದ್ದದ್ದು ಮಳೆಯಲ್ಲ. ಎಲೆಗಳು ಹಿಡಿದಿಟ್ಟ ಮಂಜು ಹನಿಯಾಗಿ ಇಳಿಯುವುದು ಅದು. ರಸ್ತೆಗೆ ಬಂದು ನೋಡಿದರೆ ನೆಲ ಒಣಗಿರುತ್ತದೆ. ಇಷ್ಟು ಎತ್ತರದ ಮರಕ್ಕೆ ತಾಯಿಬೇರು ಪಾತಾಳಕ್ಕಿಳಿದಿರಬೇಕು ಎಂದುಕೊಳ್ಳುತ್ತಾರೆ. ಬೇರು ಎರಡರಿಂದ ನಾಲ್ಕು ಮೀಟರ್ ಆಳವಷ್ಟೆ, ಅಗಲಕ್ಕೆ 30 ಮೀಟರ್ ಹರಡಿ ನೆರೆಯ ಮರಗಳ ಬೇರಿನೊಂದಿಗೆ ಹೆಣೆದುಕೊಂಡಿರುತ್ತದೆ. ಆದ್ದರಿಂದ ಜಾಗ ಸಾಲದೆಂದು ಟ್ರೇಲರಿನ ಚಕ್ರವನ್ನು ಟಾರಿನಿಂದ ಮೆತ್ತನೆ ಮಣ್ಣಿಗೆ ಇಳಿಸಬೇಡಿ. ತುಳಿತಕ್ಕೆ ಗಟ್ಟಿಯಾದ ಮಣ್ಣಿನಲ್ಲಿ ಆ ಬೇರು ಉಸಿರಾಡದು. ಹಕ್ಕಿಗೆ ಎರಡು ಅವಲಕ್ಕಿ ಹಾಕಿದರೆ ಪುಣ್ಯ ಎಂಬುದು ನಮ್ಮವರಲ್ಲೇ ಹೆಚ್ಚು. ಆ ಕಾಳಿಗೆ ಬರುವ ಜೇ ಹಕ್ಕಿ, ಕಾಗೆಗಳು ಅಲ್ಲೇ ಬೀಡುಬಿಟ್ಟು ಮರದ ಮೇಲಿನ ಮಾರ್ಬಲ್ಡ್ ಮರ್ಲೆಟ್ ಹಕ್ಕಿಯ ಮೊಟ್ಟೆಯನ್ನು ಕುಕ್ಕುತ್ತವೆ. ಆ ಹಕ್ಕಿ ಇಡುವುದು ಒಂದೇ ಮೊಟ್ಟೆ. ದಯವಿಟ್ಟು ಹಾಕಬೇಡಿ.

ನನಗೆ ನೋವಾಗುವುದು ಜನರಿಗೆ ವಿದ್ಯುತ್ತಿನ ಪಾಠ ಗೊತ್ತಿಲ್ಲವೆಂದಲ್ಲ. ನನ್ನ ಗೆಳೆಯ ಎಂಜಿನಿಯರ್, ಓಮ್ಸ್ ಲಾ ಅವನಿಗೆ ನಿದ್ದೆಯಲ್ಲೂ ಗೊತ್ತು. ಆದರೂ ಮೇಲೊಂದು ಹಲಗೆ, ಒಳಗೊಂದು ಹಸಿರು ದೀಪ ಕಂಡಮೇಲೆ ಎರಡು ದಿನ ಏನನ್ನೂ ಕೇಳಲಿಲ್ಲ. ಪಕ್ಕದಲ್ಲಿ ಆರು ಮಹಡಿ ಎದ್ದು ನೆರಳು ಬಿದ್ದಮೇಲೂ ತಾರಸಿಯ ಸೋಲಾರ್ ಹೀಟರಿನ ನೀರು ಯಾಕೆ ಬೆಚ್ಚಗಾಗುತ್ತಿಲ್ಲ ಎಂದು ರಿಪೇರಿಯವರಿಗೆ ಫೋನ್ ಮಾಡುವ ಮನೆಗಳನ್ನು ಬೆಂಗಳೂರಿನಲ್ಲೂ ನೋಡಿದ್ದೇನೆ. ಯಂತ್ರ ಕೊಂಡ ದಿನವೇ ತಲೆ ಎತ್ತಿ ಆಕಾಶ ನೋಡುವುದನ್ನು ಬಿಡುತ್ತೇವೆ. ವಿಡಿಯೋದಲ್ಲಿ ಆರಿಜೋನಾದ ಬಿಸಿಲಲ್ಲಿ ನಿಂತವರು ಹೇಳಿದ್ದನ್ನು ಹಂಬೋಲ್ಟಿನ ನೆರಳಿಗೆ ಹೊತ್ತು ತರುತ್ತೇವೆ.

ಈ ವರ್ಷ ಮತ್ತೆ ಹೋಗುವ ಮಾತು ಬಂದಾಗ ಗೆಳೆಯ ಅದೇ ಬಾಡಿಗೆಯವರಿಗೆ ಫೋನ್ ಮಾಡಿ, ಬ್ಯಾಟರಿ ಎಷ್ಟು ಆಂಪಿಯರ್ ಅವರಿನದು ಎಂದು ಕೇಳಿದ. ಅವರಿಗೆ ಗೊತ್ತಿರಲಿಲ್ಲ. "ಸೋಲಾರ್ ಇದೆಯಲ್ಲ ಸರ್" ಎಂದರಂತೆ. ಅವನು ಬೇರೆಯವರ ಹತ್ತಿರ ತೆಗೆದುಕೊಂಡ. ಮಗಳಿಗೆ ಒಂದು ದಪ್ಪ ರಜಾಯಿಯನ್ನೂ ಕೊಂಡಿದ್ದಾನೆ.